‘ಜುಲೈ 31ರವರೆಗೆ’ ಎಂದರೆ 31 ಸೇರಿತೇ?

ಮಾನ್ಯರೇ,
ಕಾರವಾರದ ಬೈತಖೋಲ ಬಂದರಿಗೆ ದೋಣಿಗಳು ಬಂದ ವೇಳೆಯ ದಾಖಲೆ ಹುಡುಕಲು ಕನ್ನಡದ ಪರದೆಯಲ್ಲಿ ‘ಇಂದ’, ‘ವರೆಗೆ’ ಎಂಬ ಎರಡು ಖಾನೆ ಇಡಬೇಕಾಗಿದೆ. ‘ಜುಲೈ 31ರವರೆಗೆ’ ಎಂದರೆ 31 ಸೇರುತ್ತದೆಯೋ, 30ಕ್ಕೇ ನಿಲ್ಲುತ್ತದೆಯೋ? ‘ತನಕ’, ‘ಒಳಗೆ’, ‘ಮುಂಚೆ’ ಇವುಗಳಲ್ಲಿ ಯಾವುದು ನಿಖರ?

ಉತ್ತರ:
ಸೇರುತ್ತದೆ. ಕರಾವಳಿಯವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ: ಮಳೆಗಾಲದ ಯಾಂತ್ರಿಕ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ. ಕೊನೆಯ ದಿನ ಬಿಟ್ಟರೆ ಲೆಕ್ಕ 60ಕ್ಕೆ ಇಳಿಯುತ್ತದೆ. ‘ತನಕ’ವೂ ಹಾಗೆಯೇ. ‘ಮುಂಚೆ’ ಆ ದಿನವನ್ನು ಹೊರಗಿಡುತ್ತದೆ. ‘ಒಳಗೆ’ ಮಾತ್ರ ಬೇಡ; ‘ಅರ್ಜಿ 31ರೊಳಗೆ ಕೊಡಿ’ ಎಂದರೆ 31ರಂದು ತಗೊಳ್ಳುತ್ತಾರೋ ಇಲ್ಲವೋ ಎಂದು ಜನ ಈಗಲೂ ಕೇಳುತ್ತಾರೆ.

ತೊಡಕಿರುವುದು ಡೇಟಾಬೇಸಿನಲ್ಲಿ. ಅದರಿಂದ ದಾಖಲೆ ಹುಡುಕುವ ಭಾಷೆಯಾದ ಎಸ್‌ಕ್ಯೂಎಲ್‌ನ ‘ಬಿಟ್ವೀನ್’ (ಇಂಥದರಿಂದ ಇಂಥದರ ನಡುವೆ ಎಂಬ ಷರತ್ತು) ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ, ನಿಜ. ಆದರೆ ಕಾಲಂನಲ್ಲಿ ತಾರೀಖಿನ ಜೊತೆ ವೇಳೆಯೂ ಇದ್ದರೆ, ‘2024-07-31’ ಎಂದು ಬರೆದದ್ದು 31ರ 00:00:00 ಆಗುತ್ತದೆ. ಅಂದು ಬೆಳಿಗ್ಗೆ 6ಕ್ಕೆ ಬಂದ ನಾಡದೋಣಿ ಪಟ್ಟಿಯಲ್ಲಿ ಕಾಣುವುದೇ ಇಲ್ಲ. 23:59:59 ಹಾಕಿ ಮುಗಿಸುವವರಿದ್ದಾರೆ. ಸೆಕೆಂಡಿನ ಭಿನ್ನಾಂಶ ಉಳಿಸುವ ಕಾಲಂ ಆದರೆ ಆ ಕೊನೆಯ ಸೆಕೆಂಡಿನ ದಾಖಲೆ ತಪ್ಪಿಹೋಗುತ್ತದೆ. ಷರತ್ತು ಹೀಗಿರಲಿ:

ಬಂದ_ವೇಳೆ >= '2024-06-01' ಮತ್ತು ಬಂದ_ವೇಳೆ < '2024-08-01'

ಅಂದರೆ ಪರದೆಯ ಮೇಲೆ ‘ವರೆಗೆ’ ಇರಲಿ, ಡೇಟಾಬೇಸಿಗೆ ಕಳಿಸುವ ಪ್ರಶ್ನೆಯಾದ ಕ್ವೆರಿಯೊಳಗೆ ಒಂದು ದಿನ ಕೂಡಿಸಿ ‘ಮುಂಚೆ’ ಮಾಡಿ. ಕಾಲಂನಿಂದ ಬರೀ ತಾರೀಖು ತೆಗೆದು ಹೋಲಿಸಿದರೂ ಉತ್ತರ ಸರಿ ಬರುತ್ತದೆ. ಆದರೆ ಹಲವು ಡೇಟಾಬೇಸ್‌ಗಳಲ್ಲಿ ಆ ಕಾಲಂನ ಇಂಡೆಕ್ಸ್ (ಬೇಗ ಹುಡುಕಲು ಮಾಡಿಟ್ಟ ಸೂಚಿ) ಉಪಯೋಗಕ್ಕೆ ಬಾರದೆ ಇಡೀ ಟೇಬಲ್ ಓದಬೇಕಾಗುತ್ತದೆ.

ಇನ್ನೊಂದು ಮಾತು, ಬಂದರಿಗೆ ಇದು ತೀರ ಮುಖ್ಯ. ಆಡುಮಾತಿನ ‘ಜುಲೈ 31ರ ರಾತ್ರಿ 2 ಗಂಟೆ’ ದಾಖಲೆಯಲ್ಲಿ ಆಗಸ್ಟ್ 1ರ 02:00. ನಮೂದಿಸುವವರಿಗೆ ‘ಆಗಸ್ಟ್ 1ರ ಬೆಳಗಿನ ಜಾವ 2’ ಎಂದೇ ತೋರಿಸಿ, ಗೊಂದಲ ತಪ್ಪುತ್ತದೆ. ವೇಳೆಯನ್ನು ಜಾಗತಿಕ ಪ್ರಮಾಣ ವೇಳೆಯಾದ ಯುಟಿಸಿಯಲ್ಲಿ ಉಳಿಸಿದ್ದರೆ, ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ಮೇಲಿನ ಎರಡು ಗಡಿಗಳು ಮೇ 31ರ 18:30 ಮತ್ತು ಜುಲೈ 31ರ 18:30 ಆಗಬೇಕು. ಇಲ್ಲದಿದ್ದರೆ ಜೂನ್ 1ರ ನಸುಕಿನಲ್ಲಿ ಬಂದ ದೋಣಿ ಬಿಟ್ಟುಹೋಗಿ, ಆಗಸ್ಟ್ 1ರ ನಸುಕಿನದು ಪಟ್ಟಿಗೆ ಸೇರುತ್ತದೆ.