ಸಹಾಯವಾಣಿ ಕರೆಗಳ ಟ್ರಾನ್ಸ್‌ಕ್ರಿಪ್ಟ್: ಸಲಹೆಯ ನಂತರದ ಮೌನ ಅಳತೆಗೇ ಸಿಗುತ್ತಿಲ್ಲ, ದಯವಿಟ್ಟು ಪರಿಹಾರ ತಿಳಿಸಿ

ಕೆಲಗೇರಿ:
ನಾನು ಧಾರವಾಡದಲ್ಲಿ ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಕೌಟುಂಬಿಕ ತೊಂದರೆಗಳಿಗೆ ಆಪ್ತಸಮಾಲೋಚನೆ ನೀಡುವ ಈ ಭಾಗದ ಒಂದು ಸಹಾಯವಾಣಿಯ ಕರೆಗಳನ್ನು, ಮಾತನಾಡಿದ ಇಬ್ಬರ ಒಪ್ಪಿಗೆಯನ್ನೂ ಪಡೆದು, ಸಂಭಾಷಣಾ ವಿಶ್ಲೇಷಣೆಯ (ಮಾತುಕತೆಯನ್ನು ಮೌನ, ಉಸಿರು ಸಹಿತ ಬರೆದುಕೊಂಡು ನೋಡುವ) ಕ್ರಮದಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಸಮಾಲೋಚಕಿ ಸಲಹೆ ಕೊಟ್ಟಾಗ ಕರೆ ಮಾಡಿದವರು ಅದನ್ನು ಹೇಗೆ ಸ್ವೀಕರಿಸುತ್ತಾರೆ, ಹೇಗೆ ಜಾರಿಕೊಳ್ಳುತ್ತಾರೆ ಎಂಬುದೇ ಪ್ರಬಂಧದ ಮುಖ್ಯ ಅಧ್ಯಾಯ.

ತೊಂದರೆ ಏನೆಂದರೆ, ಇಡೀ ಸಂಗ್ರಹದಲ್ಲಿ ಒಂದು ಸೆಕೆಂಡು ದಾಟಿದ ಮೌನ ಒಂದೂ ಇಲ್ಲ. ಒಪ್ಪಿಗೆ ತಟ್ಟನೆ ಬರುತ್ತದೆ, ನಿರಾಕರಣೆ ತಡವಾಗಿ ಅಳುಕುತ್ತ ಬರುತ್ತದೆ ಎಂದು ಓದಿದ್ದೇನೆ. ನನ್ನ ಕರೆಗಳಲ್ಲಿ ಎರಡಕ್ಕೂ ಒಂದೇ ವೇಗ. ಗುರುತು ಸಿಗದಂತೆ ವಿವರ ಬದಲಿಸಿದ ಒಂದು ತುಣುಕು ಇಲ್ಲಿದೆ (ಆವರಣದಲ್ಲಿರುವುದು ಮೌನದ ಅವಧಿ, ಸೆಕೆಂಡುಗಳಲ್ಲಿ):

ಸಮಾಲೋಚಕಿ: ನೀವು ಒಮ್ಮೆ ನಿಮ್ಮ ಅಣ್ಣಾರ ಕೂಡ ಕುಂತು ಮಾತಾಡಿ ನೋಡ್ರಿ.
(0.7)
ಕರೆ ಮಾಡಿದವರು: ಹೂಂ ರೀ. ಮಾತಾಡಬೋದ್ರಿ ಅಕ್ಕಾರ. ಆದ್ರ ಅವರು ಕೇಳಂಗಿಲ್ರಿ.

ಇದೇ ಕರೆಯ ಬಗ್ಗೆ ಸಮಾಲೋಚಕಿ ತಮ್ಮ ಟಿಪ್ಪಣಿ ಪುಸ್ತಕದಲ್ಲಿ "ಬಹಳ ಹೊತ್ತು ಮಾತಾಡಲಿಲ್ಲ" ಎಂದು ಬರೆದಿದ್ದಾರೆ. ಧ್ವನಿಮುದ್ರಣಕ್ಕೆ ಕಾಲದ ಗುರುತು ಹಾಕುವ ಎಲಾನ್ ಸಾಫ್ಟ್‌ವೇರ್‌ನಲ್ಲಿ ಎಷ್ಟು ಸಲ ಅಳೆದರೂ 0.7 ಎಂದೇ ಬರುತ್ತದೆ. ಮಾರ್ಗದರ್ಶಕರು ನಾನು ಸರಿಯಾಗಿ ಅಳೆದಿಲ್ಲ ಎನ್ನುತ್ತಾರೆ. ಅಧ್ಯಾಯ ಪೂರ್ತಿ ನಿಂತುಹೋಗಿದೆ. ಸಾಫ್ಟ್‌ವೇರ್‌ನಲ್ಲಿ ಏನು ಸರಿಪಡಿಸಬೇಕು ಎಂದು ತಿಳಿದವರು ಹೇಳಬೇಕು.

ಉಣಕಲ್ ಕೆರೆ:
ನಿಮ್ಮ ಫೈಲುಗಳು ಎಂಪಿ3 ಆಗಿರಬೇಕು, ಅದರಲ್ಲೂ ಬಿಟ್‌ರೇಟ್ (ಪ್ರತಿ ಸೆಕೆಂಡಿನ ಧ್ವನಿಗೆ ಬಳಸುವ ದತ್ತಾಂಶದ ಪ್ರಮಾಣ) ಬದಲಾಗುತ್ತ ಹೋಗುವ ಬಗೆಯವು. ಅಂಥ ಫೈಲಿನಲ್ಲಿ ಎಲಾನ್ ತೋರಿಸುವ ಜಾಗಕ್ಕೂ ನಿಜವಾಗಿ ಕೇಳಿಸುವ ಜಾಗಕ್ಕೂ ವ್ಯತ್ಯಾಸ ಬೀಳುತ್ತದೆ. ಎಲ್ಲವನ್ನೂ ಮೊದಲು ವೇವ್ ಫೈಲಿಗೆ ಪರಿವರ್ತಿಸಿ, ನಂತರ ಅಳೆಯಿರಿ.

ಕೆಲಗೇರಿ:
ಫೈಲುಗಳು ಎಂಪಿ3 ಆಗಿದ್ದವು ನಿಜ, ಸರ್. ವೇವ್‌ಗೆ ಬದಲಿಸಿ, ಧ್ವನಿ ವಿಶ್ಲೇಷಿಸುವ ಪ್ರಾಟ್ ಸಾಫ್ಟ್‌ವೇರ್‌ನಲ್ಲಿಯೂ ತೆರೆದು ನೋಡಿದೆ. ಆ ಮೌನ ಅಷ್ಟೇ ಇದೆ.

ಉಣಕಲ್ ಕೆರೆ:
ಹಾಗಾದರೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ದಾಖಲಿಸಿದೆ ಎಂಬುದು) ನೋಡಿ. ದೂರವಾಣಿಯ ಧ್ವನಿ ಸಾಮಾನ್ಯವಾಗಿ 8000 ಹರ್ಟ್ಸ್‌ನಲ್ಲಿರುತ್ತದೆ; ಪರಿವರ್ತಿಸುವಾಗ ಅದು ತಪ್ಪಾಗಿ ನಮೂದಾದರೆ ಇಡೀ ಕಾಲಮಾನವೇ ಕೆಡುತ್ತದೆ. ನಾನು ಸಂದರ್ಶನಗಳಿಗೆ ಎರಡು ಮೈಕ್‌ಗಳನ್ನು ಬೇರೆ ಬೇರೆ ಚಾನಲ್‌ಗೆ ಕೊಟ್ಟು, ನೇರವಾಗಿ ವೇವ್ ಆಗಿಯೇ ಧ್ವನಿಮುದ್ರಿಸುತ್ತೇನೆ. ಇಬ್ಬರು ಒಟ್ಟಿಗೆ ಮಾತನಾಡಿದರೂ ಯಾರ ಮಾತು ಎಲ್ಲಿ ಶುರುವಾಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಈ ಕೆಲಸಕ್ಕೆ ಇಳಿಯುವವರು ಮೊದಲು ಉಪಕರಣದ ಮೇಲೆ ಹಣ ಹಾಕಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಸಾಧನಕೇರಿ ಓದುಗ:
ಸ್ಯಾಂಪಲ್ ರೇಟ್ ತಪ್ಪಿದ್ದರೆ ಮೌನದ ಜೊತೆಗೆ ಮಾತೂ ಓಡುತ್ತಿತ್ತು, ಕಂಠವೂ ಬದಲಾಗುತ್ತಿತ್ತು. ಬಿಟ್‌ರೇಟ್‌ನ ದೋಷ ಮೌನದ ಜಾಗವನ್ನು ಅತ್ತಿತ್ತ ಸರಿಸಬಹುದೇ ಹೊರತು ಎಲ್ಲ ಕಡೆ ಒಂದೇ ಸಮನೆ ಕತ್ತರಿಸಲಾರದು. ಆದ್ದರಿಂದ ಸಾಫ್ಟ್‌ವೇರ್ ಬಿಟ್ಟು ವಿಷಯಕ್ಕೆ ಬರೋಣ.

ಕೆಲಗೇರಿಯವರೇ, ತಡವಾಗಿ ಬರುವ ನಿರಾಕರಣೆಯನ್ನು ಎಲ್ಲೆಡೆ ಒಂದೇ ಅಳತೆಯಲ್ಲಿ ಸಿಗುವ ನಿಯಮವೆಂದು ಹಿಡಿಯಬೇಡಿ. 2009ರಲ್ಲಿ ಸ್ಟೈವರ್ಸ್ ಮತ್ತು ಸಂಗಡಿಗರು ಡ್ಯಾನಿಶ್‌ನಿಂದ ಜಪಾನಿಯವರೆಗೆ ಹತ್ತು ಭಾಷೆಗಳಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರವನ್ನು ಅಳೆದರು. ಆ ಹತ್ತರಲ್ಲಿ ಕನ್ನಡವಾಗಲಿ ಬೇರೆ ಯಾವುದೇ ದ್ರಾವಿಡ ಭಾಷೆಯಾಗಲಿ ಇರಲಿಲ್ಲ. ಇನ್ನು ನಿಮ್ಮ ಸಂಗ್ರಹದಲ್ಲಿರುವುದು ಸಂಕಟ ಹೇಳಿಕೊಳ್ಳಲು ಬಂದವರ ಮಾತು. ಕಷ್ಟ ಹೇಳಿಕೊಳ್ಳುತ್ತಿರುವವರ ಮುಂದೆ ಸಲಹೆಯನ್ನು ಬೇಗ ಇಟ್ಟರೆ, ಸಲಹೆ ಒಳ್ಳೆಯದಾಗಿದ್ದರೂ ಅದನ್ನು ತಳ್ಳಿಹಾಕುವುದನ್ನು ಗೇಲ್ ಜೆಫರ್‌ಸನ್ ಮತ್ತು ಜಾನ್ ಲೀ 1981ರಲ್ಲಿಯೇ ತೋರಿಸಿದ್ದಾರೆ. ನಮ್ಮ ಕಡೆಯ ಜನ ಆ ನಿರಾಕರಣೆಯನ್ನು ತಡಮಾಡದೆ, "ಹೂಂ ರೀ" ಎಂಬ ಮರ್ಯಾದೆಯ ಹಿಂದೆ ಇಟ್ಟು ಹೇಳುತ್ತಾರೆ ಎಂದು ನನಗನಿಸುತ್ತದೆ. ಇದು ನಿಮ್ಮ ಪ್ರಬಂಧದ ಹೊಸ ಶೋಧನೆಯೇ ಆಗಬಹುದು.

ಮುಳಗುಂದ ನಾಕಾ:
ಗದಗಿನಿಂದ ಬರೆಯುತ್ತಿದ್ದೇನೆ. ವಿಷಯ ಸ್ವಾರಸ್ಯಕರವಾಗಿದೆ. ಆದರೆ ಟ್ರಾನ್ಸ್‌ಕ್ರಿಪ್ಟನ್ನು "ಕೇಳಂಗಿಲ್ರಿ" ಎಂದೆಲ್ಲ ಬರೆದರೆ ಬೇರೆ ಭಾಗದ ಪರೀಕ್ಷಕರಿಗೆ ಓದುವುದು ಕಷ್ಟವಾಗುತ್ತದೆ. "ಕೇಳುವುದಿಲ್ಲ" ಎಂದು ಶಿಷ್ಟ ಕನ್ನಡದಲ್ಲಿ ಬರೆದರೆ ಅರ್ಥಕ್ಕೇನು ಕೊರತೆ?

ಸಾಧನಕೇರಿ ಓದುಗ:
ಅರ್ಥಕ್ಕೆ ಕೊರತೆ ಬರದಿರಬಹುದು, ವಿಶ್ಲೇಷಣೆಗೆ ಬರುತ್ತದೆ. ಮಾತು ಮುಗಿಯಿತು ಎಂಬ ಸೂಚನೆ ಕೇಳುಗರಿಗೆ ಎಷ್ಟೋ ಸಲ ಕೊನೆಯ "ರಿ"ಯಿಂದ ಸಿಗುತ್ತದೆ; ಅದನ್ನು ತೆಗೆದರೆ ಸರದಿ ಎಲ್ಲಿ ಬದಲಾಯಿತು ಎಂದು ತೋರಿಸುವ ಜಾಗವೇ ಹೋಗುತ್ತದೆ. ಸಂಭಾಷಣಾ ವಿಶ್ಲೇಷಣೆ ಎಂಬ ಈ ಶಿಸ್ತು ಹುಟ್ಟಿದ್ದೇ ಇಂಥ ಚೂರುಗಳನ್ನು ಎಸೆಯದೆ ಇಟ್ಟುಕೊಂಡದ್ದರಿಂದ. ಅದನ್ನು ಆರಂಭಿಸಿದ ಸಮಾಜಶಾಸ್ತ್ರಜ್ಞ ಹಾರ್ವೆ ಸ್ಯಾಕ್ಸ್ 1963–64ರಲ್ಲಿ ಲಾಸ್ ಏಂಜಲಿಸ್‌ನ ಆತ್ಮಹತ್ಯೆ ತಡೆ ಕೇಂದ್ರದಲ್ಲಿದ್ದಾಗ ಅಲ್ಲಿಯ ದೂರವಾಣಿ ಕರೆಗಳ ಧ್ವನಿಮುದ್ರಣ ಕೇಳುತ್ತಿದ್ದರು. ಸಿಬ್ಬಂದಿ ತಮ್ಮ ಹೆಸರು ಹೇಳಿ "ಏನು ಸಹಾಯ ಬೇಕು" ಎಂದರೆ ಕರೆ ಮಾಡಿದವರೂ ಸಾಮಾನ್ಯವಾಗಿ ತಮ್ಮ ಹೆಸರು ಹೇಳುತ್ತಿದ್ದರು. ಒಬ್ಬರು ಮಾತ್ರ "ನಿಮ್ಮ ಮಾತು ಕೇಳಿಸುತ್ತಿಲ್ಲ" ಎಂದರು. ಸಿಬ್ಬಂದಿ ಹೆಸರನ್ನು ಮತ್ತೆ ಹೇಳಬೇಕಾಯಿತು. ಆ ಹೊತ್ತಿಗೆ, ಕರೆ ಮಾಡಿದವರು ತಮ್ಮ ಹೆಸರು ಹೇಳಬೇಕಾಗಿದ್ದ ಜಾಗ ದಾಟಿಹೋಗಿತ್ತು. ಹೆಸರು ಕೊಡುವುದಿಲ್ಲ ಎಂದು ಎಲ್ಲಿಯೂ ಹೇಳದೆ ಹೆಸರನ್ನು ತಪ್ಪಿಸಿದ ಬಗೆ ಅದು. ಶಿಷ್ಟವಾಗಿ ಬರೆಯುವ ಗುಮಾಸ್ತರಾಗಿದ್ದರೆ ಆ ಸಾಲನ್ನು ಬಿಟ್ಟೇಬಿಡುತ್ತಿದ್ದರು.

ಮುಳಗುಂದ ನಾಕಾ:
ಒಪ್ಪಿದೆ, ಆದರೂ ಪಕ್ಕದಲ್ಲಿ ಶಿಷ್ಟ ರೂಪದ ಒಂದು ಸಾಲು ಇದ್ದರೆ ಓದುಗರಿಗೆ ಉಪಕಾರ ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಬ್ಯಾಡಗಿಯವರು:
ಒಂದು ಮೂಲಭೂತ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಈ ಕರೆಗಳನ್ನು ಧ್ವನಿಮುದ್ರಿಸಿದ್ದು ಯಾವುದರಿಂದ? ಸಹಾಯವಾಣಿಯ ರಿಜಿಸ್ಟರ್‌ನಲ್ಲಿ ಬರೆದ ಕರೆಯ ಅವಧಿಗೂ ಫೈಲಿನ ಅವಧಿಗೂ ತಾಳೆ ನೋಡಿದ್ದೀರಾ?

ಕೆಲಗೇರಿ:
ಸ್ಪೀಕರ್ ಹಾಕಿದ ಫೋನಿನ ಪಕ್ಕ ಮೇಜಿನ ಮೇಲೆ ಇಟ್ಟ ಸಣ್ಣ ರೆಕಾರ್ಡರ್‌ನಿಂದ. ರೆಕಾರ್ಡರ್ ಸಂಸ್ಥೆಯದೇ ಆದ್ದರಿಂದ ಆ ವಿವರ ಮುಖ್ಯವೆಂದು ನನಗೆ ಅನಿಸಿರಲಿಲ್ಲ. ಮೇಲಿನ ಕರೆ ರಿಜಿಸ್ಟರ್‌ನಲ್ಲಿ 41 ನಿಮಿಷ ಎಂದಿದೆ. ಫೈಲು 33 ನಿಮಿಷಕ್ಕೆ ಮುಗಿಯುತ್ತದೆ.

ಬ್ಯಾಡಗಿಯವರು:
ಎಂಟು ನಿಮಿಷ ಎಲ್ಲಿ ಹೋಯಿತು ಎಂಬುದೇ ನಿಮ್ಮ ಉತ್ತರ. ಅಂಥ ರೆಕಾರ್ಡರ್‌ಗಳಲ್ಲಿ ಧ್ವನಿ ಬಂದಾಗ ಮಾತ್ರ ಓಡುವ, ಸದ್ದು ಅಡಗಿದಾಗ ತಾನಾಗಿ ನಿಲ್ಲುವ ಒಂದು ಸೆಟ್ಟಿಂಗ್ ಇರುತ್ತದೆ. ಬ್ಯಾಟರಿ ಮತ್ತು ಮೆಮೊರಿ ಉಳಿಸಲು ಅದನ್ನು ಹಾಕಿಟ್ಟಿರುತ್ತಾರೆ. ಮೌನ ಶುರುವಾಗಿ ಸ್ವಲ್ಪ ಹೊತ್ತಿಗೆ ಯಂತ್ರ ನಿಲ್ಲುತ್ತದೆ, ಮುಂದಿನ ಮಾತಿಗೆ ಮತ್ತೆ ಎಚ್ಚರಗೊಳ್ಳುತ್ತದೆ. ಆದ್ದರಿಂದಲೇ ನಿಮ್ಮ ಎಲ್ಲ ಮೌನಗಳೂ ಒಂದೇ ಮಿತಿಯೊಳಗೆ ಇವೆ. ಧ್ವನಿ ಸಂಪಾದಿಸುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ಆ ಜಾಗವನ್ನು ದೊಡ್ಡದು ಮಾಡಿ, ಹಿನ್ನೆಲೆಯ ಸದ್ದು ನಡುವೆ ತುಂಡಾಗಿದೆಯೇ ನೋಡಿ.

ಉಣಕಲ್ ಕೆರೆ:
ಹಿನ್ನೆಲೆ ತುಂಡಾದ ಮಾತ್ರಕ್ಕೆ ಹಾಗೆಂದು ತೀರ್ಮಾನಿಸಲಾಗದು. ಮೊಬೈಲ್ ಕರೆಗಳಲ್ಲಿ ಆಚೆ ಕಡೆಯವರು ಸುಮ್ಮನಾದರೆ ಫೋನು ಅವರ ಧ್ವನಿಯನ್ನು ಪೂರ್ತಿ ಕಳಿಸುವುದಿಲ್ಲ. ಈಚೆ ಕಡೆ ಕೃತಕವಾದ ಮೆಲುಸದ್ದನ್ನು ತುಂಬುತ್ತದೆ. ಅದಕ್ಕೆ ಕಂಫರ್ಟ್ ನಾಯ್ಸ್ ಎನ್ನುತ್ತಾರೆ. ಆಗಲೂ ಆಚೆ ಮನೆಯ ಸದ್ದು ತಟ್ಟನೆ ನಿಂತಂತೆ ಕೇಳುತ್ತದೆ. ಮೂಲ ಫೈಲನ್ನು ಮತ್ತೊಮ್ಮೆ ಸರಿಯಾದ ಬಿಟ್‌ರೇಟ್‌ನಲ್ಲಿ ಪರಿವರ್ತಿಸಿ ನೋಡಬೇಕೆಂದೇ ನಾನು ಹೇಳುತ್ತೇನೆ.

ಬ್ಯಾಡಗಿಯವರು:
ಕಂಫರ್ಟ್ ನಾಯ್ಸ್‌ನ ಮಾತು ಸರಿಯಾಗಿದೆ. ಆದರೆ ಅದರಿಂದ ಕರೆಯ ಅವಧಿ ಕಡಿಮೆಯಾಗುವುದಿಲ್ಲ, ಸಮಾಲೋಚಕಿ ಕುಳಿತ ಕೋಣೆಯ ಸದ್ದೂ ನಿಲ್ಲುವುದಿಲ್ಲ. ಕೆಲಗೇರಿಯವರೇ, ಆ ಕೋಣೆಯಲ್ಲಿ ಗೋಡೆ ಗಡಿಯಾರ ಇದೆಯೇ?

ಕೆಲಗೇರಿ:
ಇದೆ. ಹೆಡ್‌ಫೋನ್ ಹಾಕಿ, ಧ್ವನಿ ಏರಿಸಿ, ಗಡಿಯಾರದ ಟಿಕ್ ಟಿಕ್ ಅನ್ನೇ ಹಿಡಿದು ಗುರುತು ಹಾಕುತ್ತ ಹೋದೆ. ಮಾತಿನ ಸಣ್ಣ ಬಿಡುವುಗಳಲ್ಲಿ ಟಿಕ್‌ಗಳು ಸರಿಯಾಗಿ ಒಂದೊಂದು ಸೆಕೆಂಡಿಗೆ ಬರುತ್ತವೆ. "ಮಾತಾಡಿ ನೋಡ್ರಿ" ಎಂಬ ಸಲಹೆ ಮುಗಿದ ನಂತರ ಎರಡು ಟಿಕ್‌ಗಳ ನಡುವೆ 0.4 ಸೆಕೆಂಡು ಮಾತ್ರ ಇದೆ. ಸಲಹೆಗಳ ನಂತರದ ಬೇರೆ ಜಾಗಗಳಲ್ಲಿಯೂ ಹೀಗೆಯೇ ಟಿಕ್ ತಪ್ಪಿದೆ. ರೆಕಾರ್ಡರ್‌ನ ಮೆನು ತೆರೆದು ನೋಡಿದೆ. ನೀವು ಹೇಳಿದ ಸೆಟ್ಟಿಂಗ್ ಆನ್ ಆಗಿಯೇ ಇದೆ. ಈಗ ನನ್ನ ಪ್ರಶ್ನೆ: ಗಡಿಯಾರದ ಸಹಾಯದಿಂದ ಕಳೆದುಹೋದ ಮೌನವನ್ನು ಲೆಕ್ಕ ಹಾಕಬಹುದೇ?

ಬ್ಯಾಡಗಿಯವರು:
ಬರುವುದಿಲ್ಲ. ಟಿಕ್‌ಗಳೆಲ್ಲ ಒಂದೇ ಥರ ಇರುವುದರಿಂದ ಹೋದದ್ದು ಎರಡು ಸೆಕೆಂಡೋ ಹನ್ನೆರಡೋ ಹೇಳಲಾಗದು. ಅಲ್ಲಿ ಕತ್ತರಿ ಬಿದ್ದಿದೆ ಎಂಬುದಷ್ಟೇ ಖಚಿತ. ಆ ಕರೆಯಲ್ಲಿ ಒಟ್ಟು ಸುಮಾರು ಎಂಟು ನಿಮಿಷದ ಮೌನ ಹೋಗಿದೆ, ಅದು ಎಲ್ಲೆಲ್ಲಿ ಹಂಚಿಹೋಗಿದೆ ಎಂಬುದೂ ಗೊತ್ತು, ಯಾವ ಜಾಗದಲ್ಲಿ ಎಷ್ಟು ಎಂಬುದು ಮಾತ್ರ ಗೊತ್ತಿಲ್ಲ. ಅಂಥ ಜಾಗಗಳಲ್ಲಿ (0.7) ಎಂದು ಬರೆಯಲೇಬೇಡಿ. ಜೋಡಿ ಆವರಣದೊಳಗೆ ((ಮುದ್ರಣ ತುಂಡಾಗಿದೆ)) ಎಂದು ಬರೆಯಿರಿ.

ಇನ್ನೂ ಮುಖ್ಯವಾದ ಒಂದು ಸಂಗತಿ ಇದೆ. ಆ ಯಂತ್ರ ಮೆಲ್ಲಗಿನ ಸದ್ದನ್ನೂ ಮೌನವೆಂದೇ ತಿಳಿಯುತ್ತದೆ. ಅಲೆಕ್ಸಾ ಹೆಪ್‌ಬರ್ನ್ 2004ರಲ್ಲಿ ಬ್ರಿಟನ್ನಿನ ಮಕ್ಕಳ ರಕ್ಷಣಾ ಸಹಾಯವಾಣಿಯ ಕರೆಗಳನ್ನಿಟ್ಟುಕೊಂಡು ಅಳುವನ್ನು ಹೇಗೆ ಬರೆದಿಡಬೇಕು ಎಂದು ತೋರಿಸಿದರು: ಮೂಗು ಏರಿಸುವುದು, ನಡುಗುವ ಧ್ವನಿ, ಪಿಸುಮಾತು, ತುಂಡುತುಂಡಾದ ಉಸಿರು. ಸಮಾಲೋಚಕಿ "ಇರ್ಲಿ, ಸಾವಕಾಶ ಹೇಳ್ರಿ" ಎಂದು ಸಮಾಧಾನ ಹೇಳುವುದು ಇವನ್ನು ಕೇಳಿಸಿಕೊಂಡೇ. ನಿಮ್ಮ ಫೈಲುಗಳಲ್ಲಿ ಆ ಸಮಾಧಾನದ ಮಾತು ಉಳಿದು, ಅದಕ್ಕೆ ಕಾರಣವಾದ ಅಳು ಹೋಗಿರಬಹುದು. ಹಾಗಿದ್ದರೆ ಕಾರಣವಿಲ್ಲದೆ ಸಮಾಲೋಚಕಿ ಮಾತು ತಿರುಗಿಸಿದರು ಎಂಬ ಅನ್ಯಾಯದ ತೀರ್ಮಾನಕ್ಕೆ ನಾವು ಬರುತ್ತೇವೆ. ಅವರ ಕೆಲಸವನ್ನು ಅಭ್ಯಾಸ ಮಾಡುವವರು ಈ ಎಚ್ಚರ ವಹಿಸಲೇಬೇಕು.

ಸಾಧನಕೇರಿ ಓದುಗ:
ಹಾಗಾದರೆ ವೇಗದ ಬಗ್ಗೆ ನಾನು ಹೇಳಿದ ಊಹೆಯನ್ನು ಈ ಸಂಗ್ರಹದಿಂದ ಪರೀಕ್ಷಿಸಲು ಬರುವುದಿಲ್ಲ. ಅಧ್ಯಾಯವನ್ನು ಕೈಬಿಡುವ ಅಗತ್ಯ ಮಾತ್ರ ಇಲ್ಲ. ಮೌನ ಹೋದರೂ ಮಾತಿನ ಕಟ್ಟು ಉಳಿದಿದೆ. "ಹೂಂ ರೀ, ಮಾತಾಡಬೋದ್ರಿ" ಎಂದು ಒಪ್ಪಿ, ತಕ್ಷಣ "ಆದ್ರ" ಎಂದು ತಿರುಗುವ ಸರದಿಗಳನ್ನೆಲ್ಲ ಒಂದೆಡೆ ಸೇರಿಸಿ. ಬರಿಯ "ಹೂಂ" ಎಂದು ನಿಂತವುಗಳನ್ನು ಬೇರೆ ಇಡಿ. ಬ್ರಿಟನ್ನಿನಲ್ಲಿ ಬಾಣಂತಿಯರ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯರ ಸಲಹೆಗಳನ್ನು ಹೆರಿಟೇಜ್ ಮತ್ತು ಸೆಫಿ 1992ರಲ್ಲಿ ವಿಶ್ಲೇಷಿಸಿದಾಗ, ಕೇಳದೆಯೇ ಕೊಟ್ಟ ಸಲಹೆಗೆ ಬರುವ ಬರಿಯ "ಹೂಂ" ಸ್ವೀಕಾರವಲ್ಲ, ಮೆಲ್ಲಗಿನ ಪ್ರತಿರೋಧ ಎಂಬುದು ಕಂಡುಬಂತು. ಆ ವ್ಯತ್ಯಾಸವನ್ನು ತೋರಿಸಲು ನಿಮಗೆ ಸೆಕೆಂಡುಗಳು ಬೇಕಿಲ್ಲ.

ಕೆಲಗೇರಿ:
ಮಾರ್ಗದರ್ಶಕರಿಗೆ ಗಡಿಯಾರದ ಅಳತೆಗಳನ್ನು ತೋರಿಸಿದೆ, ಒಪ್ಪಿದರು. ಹಳೆಯ ಕರೆಗಳಲ್ಲಿ ಸರದಿಯ ಕಟ್ಟನ್ನು ಮಾತ್ರ ನೋಡುವುದು, ಮೌನ ಮತ್ತು ಅಳುವಿನ ಭಾಗಕ್ಕೆ ಹೊಸದಾಗಿ ಒಪ್ಪಿಗೆ ಪಡೆದು ಬೇರೆ ಕರೆಗಳನ್ನು ಮುದ್ರಿಸುವುದು ಎಂದು ನಿರ್ಧಾರವಾಗಿದೆ. ಸೆಟ್ಟಿಂಗ್ ತೆಗೆಸಿದ್ದೇನೆ.

ಮುಳಗುಂದ ನಾಕಾ:
ಒಂದು ಸಂದೇಹ. ಹಳೆಯ ಫೈಲುಗಳಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಿದ ಜಾಗಗಳಿಗೆ ಹಾಕಿದ ಚೌಕ ಆವರಣಗಳನ್ನಾದರೂ ನಂಬಬಹುದೇ, ಅಥವಾ ಅವನ್ನೂ ಬಿಡಬೇಕೇ?

ಬ್ಯಾಡಗಿಯವರು:
ಅವನ್ನು ನಂಬಬಹುದು. ಇಬ್ಬರು ಒಟ್ಟಿಗೆ ಮಾತನಾಡುವಾಗ ಸದ್ದು ಇದ್ದೇ ಇರುವುದರಿಂದ ಯಂತ್ರ ನಿಲ್ಲುವುದಿಲ್ಲ. ನಂಬಬಾರದ್ದು ಕತ್ತರಿ ಬಿದ್ದ ಜಾಗದ ನಂತರದ ಮೊದಲ ಅಕ್ಷರಗಳನ್ನು. ಮಾತು ಶುರುವಾದ ಮೇಲೆಯೇ ಯಂತ್ರ ಎಚ್ಚರಗೊಳ್ಳುವುದರಿಂದ ಅಲ್ಲಿ ಒಂದು "ಹ್ಞಾಂ" ಆಗಲಿ, ಒಳಗೆಳೆದುಕೊಂಡ ಉಸಿರಾಗಲಿ ನುಂಗಿಹೋಗಿರಬಹುದು. ಆದ್ದರಿಂದ ಕೆಲಗೇರಿಯವರು "ಹೂಂ ಇಲ್ಲದೆ ನೇರವಾಗಿ ನಿರಾಕರಿಸಿದರು" ಎಂಬ ಗುಂಪನ್ನು ಮಾಡುವುದಿದ್ದರೆ, ಟಿಕ್ ತಪ್ಪದ ಜಾಗಗಳ ಉದಾಹರಣೆಗಳನ್ನು ಮಾತ್ರ ಅದಕ್ಕೆ ಸೇರಿಸಲಿ.