ಬೆನೆಜೆಟ್‌ನಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹಿಂಡು ನೋಡಲು ಸೆಪ್ಟೆಂಬರ್ ಕೊನೆ ಸರಿಯಾ? ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲಬೇಕು?

ಹೊಳೆಸಾಲು:
ಸೆಪ್ಟೆಂಬರ್ ಕೊನೆಯ ವಾರ ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾದ ಬೆನೆಜೆಟ್‌ಗೆ, ಅಲ್ಲಿನ ಎಲ್ಕ್ ಕಂಟ್ರಿ ವಿಸಿಟರ್ ಸೆಂಟರ್‌ಗೆ ಹೋಗುವ ಯೋಚನೆ ಇದೆ. ಜೊತೆಗೆ ಅಪ್ಪ, ಅಮ್ಮ (ಮಂಡಿ ನೋವು, ಹೆಚ್ಚು ನಡೆಯಲಾಗದು), ಐದು ವರ್ಷದ ಮಗಳು. ಒಂದು ರಾತ್ರಿ ಉಳಿದರೆ ಸಾಕಾ? ನೋಡಲು ಬೆಳಿಗ್ಗೆ ಒಳ್ಳೆಯದಾ, ಸಂಜೆಯಾ? ಎಲ್ಕ್‌ಗಳನ್ನು ಬೇಲಿಯೊಳಗೆ ಸಾಕಿದ್ದಾರಾ, ಇಲ್ಲಾ ಕಾಡಿನವಾ? ಬೈನಾಕ್ಯುಲರ್ ಕೊಳ್ಳಬೇಕು, ಯಾವುದು ಅಂತಲೂ ತಿಳಿಸಿ.

ಕವಲುಗೊಂಬು:
ಬೇಲಿ ಇಲ್ಲ, ಸಾಕಿದವೂ ಅಲ್ಲ. ಪೆನ್ಸಿಲ್ವೇನಿಯಾದ ಮೂಲ ಎಲ್ಕ್ ಸಂತತಿ 1860ರ ದಶಕದ ಹೊತ್ತಿಗೇ ಬೇಟೆಗೆ ಸಿಕ್ಕಿ ನಾಶವಾಯಿತು. 1913ರಿಂದ 1926ರವರೆಗೆ ಒಟ್ಟು 177 ಎಲ್ಕ್‌ಗಳನ್ನು ಹೊರಗಿನಿಂದ ತಂದು ಬಿಟ್ಟರು. ಮೊದಲ ತಂಡ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ ರೈಲಿನಲ್ಲಿ ಬಂತು. ಈಗಿರುವ ಸುಮಾರು 1,400 ಅವುಗಳ ವಂಶವೇ. ಸೆಂಟರ್ ಇರುವ ವಿನ್ಸ್‌ಲೋ ಹಿಲ್ ಸುತ್ತ ಹಿಂದೆ ಕಲ್ಲಿದ್ದಲಿಗಾಗಿ ನೆಲ ಅಗೆದಿದ್ದರು. ಗಣಿ ಮುಗಿದ ಮೇಲೆ ಅಲ್ಲಿ ಹುಲ್ಲು, ಕ್ಲೋವರ್ ಎಂಬ ಮೇವಿನ ಗಿಡ ಬೆಳೆಸಿದರು. ದಟ್ಟ ಕಾಡಿನ ನಡುವೆ ಆ ಬಯಲುಗಳು ಇರುವುದರಿಂದಲೇ ಹಿಂಡು ಮೇಯಲು ಹೊರಗೆ ಬರುತ್ತದೆ, ನಮ್ಮ ಕಣ್ಣಿಗೂ ಬೀಳುತ್ತದೆ.

ನೀವು ಆರಿಸಿಕೊಂಡ ವಾರ ಬಹಳ ಒಳ್ಳೆಯದು. ಬೆದೆಗಾಲ ಸೆಪ್ಟೆಂಬರ್ ಮೊದಲಿಗೆ ಶುರುವಾಗಿ ಅಕ್ಟೋಬರ್ ಮಧ್ಯದವರೆಗೆ ನಡೆಯುತ್ತದೆ, ಅದರ ಏರುಕಾಲ ಸೆಪ್ಟೆಂಬರ್ ಕೊನೆಯ ಹತ್ತು ದಿನ. ಹೆಣ್ಣು ಬೆದೆಯಲ್ಲಿರುವುದು ಒಂದು ದಿನಕ್ಕಿಂತ ಕಡಿಮೆ ಹೊತ್ತು. ಆಗ ಗಬ್ಬ ಕಟ್ಟದಿದ್ದರೆ ಮತ್ತೆ ಸುಮಾರು ಮೂರು ವಾರ ಕಾಯಬೇಕು. ಅದಕ್ಕೇ ದೊಡ್ಡ ಗಂಡು ತನ್ನ ಗುಂಪಿನ ಹೆಣ್ಣುಗಳನ್ನು ಬಿಟ್ಟು ಅಲ್ಲಾಡುವುದಿಲ್ಲ. ಸರಿಯಾಗಿ ಮೇಯುವುದೂ ಇಲ್ಲ, ಈ ಒಂದೂವರೆ ತಿಂಗಳಲ್ಲಿ ಮೈತೂಕದ ಐದನೇ ಒಂದು ಪಾಲಿನವರೆಗೆ ಕಳೆದುಕೊಳ್ಳುವುದುಂಟು. ಅದರ ಕೂಗನ್ನು ಇಲ್ಲಿ ಬ್ಯೂಗಲ್ ಅನ್ನುತ್ತಾರೆ. ತಗ್ಗಿನಲ್ಲಿ ಶುರುವಾಗಿ ಸಿಳ್ಳೆಯಂತೆ ಏರಿ, ಕೊನೆಗೆ ಗೊರಗೊರ ಸದ್ದಿನಲ್ಲಿ ಮುಗಿಯುತ್ತದೆ. ಮುನ್ನೂರು ಕಿಲೋ ದಾಟುವ ಪ್ರಾಣಿಯ ಗಂಟಲಿನಿಂದ ಅಷ್ಟು ಸಣ್ಣ ದನಿಯೇ ಅನ್ನಿಸುತ್ತದೆ. ಗಾಳಿ ನಿಂತಿದ್ದರೆ ಒಂದು ಮೈಲಿ ಆಚೆಗೂ ಕೇಳುತ್ತದೆ.

ಒಂದು ರಾತ್ರಿ ಉಳಿದರೆ ಒಂದು ಸಂಜೆ, ಒಂದು ನಸುಕು ಸಿಗುತ್ತದೆ. ಎರಡೂ ಬೇಕು, ಯಾವುದನ್ನೂ ಬಿಡಬೇಡಿ. ಹಗಲು ಹನ್ನೊಂದರಿಂದ ಮೂರರವರೆಗೆ ಹಿಂಡು ಮರಗಳ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತದೆ. ಎಲ್ಕ್ ಕಾಣಲೇ ಇಲ್ಲ ಅಂತ ಬೇಸರಪಟ್ಟು ಮರಳುವವರಲ್ಲಿ ಹೆಚ್ಚಿನವರು ಬಂದಿರುವುದು ಈ ಹೊತ್ತಿನಲ್ಲೇ. ಆ ವಾರ ಸೂರ್ಯೋದಯ, ಸೂರ್ಯಾಸ್ತ ಎರಡೂ ಏಳು ಗಂಟೆಯ ಆಸುಪಾಸು. ಸಂಜೆ ಐದಕ್ಕೇ ಜಾಗ ಹಿಡಿದು ಕತ್ತಲಾಗುವವರೆಗೆ ಇರಿ. ಬೆಳಿಗ್ಗೆ ಆರೂಕಾಲಿಗೆ ಅಲ್ಲಿರಿ. ಜಾಗದಿಂದ ಜಾಗಕ್ಕೆ ಕಾರಿನಲ್ಲಿ ಹುಡುಕುತ್ತಾ ಸುತ್ತಿದರೆ ಒಳ್ಳೆಯ ಹೊತ್ತೆಲ್ಲ ರಸ್ತೆಯಲ್ಲೇ ಕಳೆದುಹೋಗುತ್ತದೆ.

ನಸುಕಿನ_ದಾರಿ:
ದಾರಿಯ ಬಗ್ಗೆ. ಐ-80 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಬಂದು 111ನೇ ಎಕ್ಸಿಟ್ ಇಳಿಯಿರಿ, 153ನೇ ರಸ್ತೆಯಲ್ಲಿ ಉತ್ತರಕ್ಕೆ ಪೆನ್‌ಫೀಲ್ಡ್ ಊರಿನವರೆಗೆ, ಅಲ್ಲಿ ಬಲಕ್ಕೆ 555ನೇ ರಸ್ತೆ. ಬೆನೆಜೆಟ್ ಊರು ಬಂದ ಮೇಲೆ ವಿನ್ಸ್‌ಲೋ ಹಿಲ್ ರಸ್ತೆ ಹತ್ತಿದರೆ ಸೆಂಟರ್. ಪೆಟ್ರೋಲನ್ನು ಆ ಎಕ್ಸಿಟ್‌ಗೆ ಮೊದಲು ಸಿಗುವ ಕ್ಲಿಯರ್‌ಫೀಲ್ಡ್‌ನಲ್ಲೇ ತುಂಬಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಡಿ.

ಸಾಧ್ಯವಾದರೆ ಸೋಮವಾರದಿಂದ ಗುರುವಾರದೊಳಗೆ ಹೋಗಿ. ಬೆದೆಗಾಲದ ಶನಿವಾರ ಸಂಜೆ ಆ ಬೆಟ್ಟದ ರಸ್ತೆ ಜಾತ್ರೆಯ ಹಾಗಿರುತ್ತದೆ. ಎಲ್ಕ್ ಕಂಡ ಕೂಡಲೇ ರಸ್ತೆ ಮಧ್ಯದಲ್ಲೇ ಬ್ರೇಕ್ ಹಾಕುವವರಿಂದ ಹಿಂದಿನವರೆಲ್ಲ ಸಿಕ್ಕಿಕೊಳ್ಳುತ್ತಾರೆ. ನಿಲ್ಲಿಸುವುದಾದರೆ ನಾಲ್ಕೂ ಚಕ್ರ ರಸ್ತೆಯಿಂದ ಪೂರ್ತಿ ಹೊರಗಿರಲಿ. ಊರೊಳಗೆ ಮನೆಗಳ ಮುಂದಿನ ಹುಲ್ಲಿನಲ್ಲೂ ಎಲ್ಕ್ ಮೇಯುತ್ತಿರುತ್ತವೆ. ಅದು ಯಾರದೋ ಮನೆಯಂಗಳ, ಫೋಟೋಕ್ಕೆಂದು ಒಳಗೆ ಕಾಲಿಡಬೇಡಿ.

ಅಮ್ಮನವರಿಗೆ ಸೆಂಟರೇ ಅನುಕೂಲ: ಪ್ರವೇಶ ಉಚಿತ, ಶೌಚಾಲಯ ಇದೆ, ಬಯಲು ಕಾಣುವ ಜಾಗಕ್ಕೆ ನಡಿಗೆ ಕಡಿಮೆ. ಕುದುರೆ ಗಾಡಿ ಸವಾರಿಯೂ ಇದೆ. ಅದಕ್ಕೆ ದುಡ್ಡು ಕೊಡಬೇಕು, ಮೊದಲೇ ಕಾದಿರಿಸಿಕೊಳ್ಳುವುದು ಒಳ್ಳೆಯದು. 555ರಲ್ಲಿ ಇನ್ನೂ ಪೂರ್ವಕ್ಕೆ ಹೋದರೆ ಹಿಕ್ಸ್ ರನ್ ವೀಕ್ಷಣಾ ಜಾಗ ಸಿಗುತ್ತದೆ. ಜನ ಕಡಿಮೆ, ಆದರೆ ಸೌಕರ್ಯವೂ ಕಡಿಮೆ.

ಮಡಚುವ ಕುರ್ಚಿ, ಕಂಬಳಿ ಒಯ್ಯಿರಿ. ಹಗಲು ಇಪ್ಪತ್ತು ಡಿಗ್ರಿ ಇದ್ದರೂ ನಸುಕಿಗೆ ಐದಕ್ಕೆ ಇಳಿಯಬಹುದು. ಅಲ್ಲಾಡದೆ ಕೂತವರಿಗೆ ಚಳಿ ಬೇಗ ಹತ್ತುತ್ತದೆ. ಮಗಳನ್ನು ಎತ್ತರದ ಹುಲ್ಲಿನಲ್ಲಿ ಓಡಾಡಲು ಬಿಡಬೇಡಿ, ಪೆನ್ಸಿಲ್ವೇನಿಯಾದಲ್ಲಿ ಲೈಮ್ ರೋಗ ಹರಡುವ ಉಣುಗು ಬಹಳ. ಪ್ಯಾಂಟಿನ ತುದಿ ಸಾಕ್ಸ್ ಒಳಗಿರಲಿ. ರಾತ್ರಿ ಸ್ನಾನದ ಹೊತ್ತಿಗೆ ಮಂಡಿಯ ಹಿಂದೆ, ಕಂಕುಳು, ಕೂದಲಿನ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಇಪ್ಪತ್ನಾಲ್ಕು ಗಂಟೆಯೊಳಗೆ ತೆಗೆದರೆ ಅಪಾಯ ತುಂಬಾ ಕಡಿಮೆ.

ದೂರದರ್ಶಿ:
ಬೈನಾಕ್ಯುಲರ್ 8×42 ತೆಗೆದುಕೊಳ್ಳಿ. ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಜೇಬಿಗೆ ಹಿಡಿಸುತ್ತದೆ ಅಂತ 10×25 ಕೊಂಡರೆ ಮೋಸಹೋಗುತ್ತೀರಿ. ಎರಡನೇ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿ ನೋಡಿ: 42 ಭಾಗ 8 ಅಂದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ ಐದು ಮಿಲಿಮೀಟರ್‌ಗೂ ಹೆಚ್ಚು, 25 ಭಾಗ 10 ಅಂದರೆ ಬರೀ ಎರಡೂವರೆ. ಮಧ್ಯಾಹ್ನ ವ್ಯತ್ಯಾಸ ತಿಳಿಯುವುದಿಲ್ಲ. ಎಲ್ಕ್ ಹೊರಬರುವ ಮುಸ್ಸಂಜೆಯಲ್ಲಿ ಎರಡನೆಯದರಲ್ಲಿ ಕಾಣುವುದು ಮಸಿ ಮಾತ್ರ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಕಪ್ಪು ಉಳಿಯುತ್ತದೆ.

ಕ್ಯಾಮೆರಾ ಇದ್ದರೆ 300 ಮಿಮೀ ಮೇಲಿನ ಲೆನ್ಸ್, ಐಎಸ್ಒ 3200, ಶಟರ್ 1/250ಕ್ಕಿಂತ ನಿಧಾನ ಬೇಡ. ಬೆಚ್ಚಗಿನ ಕಡೆಯಿಂದ ಚಳಿಗೆ ತಂದಾಗ ತೊಂದರೆ ಇಲ್ಲ. ತಣ್ಣಗಾದ ಲೆನ್ಸನ್ನು ಹೀಟರ್ ಹಾಕಿದ ಕಾರಿಗೆ ತಂದಾಗ ಅದರ ಮೇಲೆ ನೀರು ಕಟ್ಟುತ್ತದೆ. ಬ್ಯಾಗಿನ ಜಿಪ್ ಎಳೆದ ಮೇಲೇ ಕಾರು ಹತ್ತಿ. ಫ್ಲಾಶ್ ಬೇಡವೇ ಬೇಡ.

ಕವಲುಗೊಂಬು:
ಮಗು ಇರುವುದರಿಂದ ದೂರದ ಮಾತನ್ನು ಒತ್ತಿ ಹೇಳುತ್ತೇನೆ. ಅಡ್ಡಲಾಗಿ ನಿಂತ ಎಲ್ಕ್ ಕಡೆಗೆ ತೋಳು ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ. ಬೆರಳ ಮರೆಯಲ್ಲಿ ಅದರ ಮೈ ಮುಚ್ಚಿಹೋದರೆ ಸುಮಾರು ನೂರು ಗಜ ದೂರ ಇದ್ದೀರಿ, ಸಾಕು. ಮೈ ಎರಡೂ ಕಡೆ ಹೊರಗೆ ಕಂಡರೆ ಹಿಂದೆ ಸರಿಯಿರಿ. ಗಂಡು ಕಿವಿ ಹಿಂದಕ್ಕೆ ಮಡಚಿದರೆ, ಮೇಲ್ತುಟಿ ಎತ್ತಿ ಹಲ್ಲು ಮಸೆದರೆ, ಕೊಂಬನ್ನು ನಿಮ್ಮತ್ತ ಬಾಗಿಸಿದರೆ ನೀವಾಗಲೇ ಮಿತಿ ದಾಟಿದ್ದೀರಿ. ಗಂಡಿಗೂ ಹೆಣ್ಣುಗಳ ಗುಂಪಿಗೂ ನಡುವೆ ಎಂದೂ ಸಿಕ್ಕಿಕೊಳ್ಳಬೇಡಿ. ಪಾರ್ಕಿಂಗ್‌ನಲ್ಲಿ ಅದಾಗೇ ಹತ್ತಿರ ಬಂದರೆ ಫೋನು ಎತ್ತದೆ ಮಗುವಿನೊಂದಿಗೆ ಕಾರಿನೊಳಗೆ ಸೇರಿ.

ತಿನ್ನಲು ಏನನ್ನೂ ಕೊಡಬೇಡಿ, ಸೇಬಿನ ಹೋಳನ್ನೂ. ಪೆನ್ಸಿಲ್ವೇನಿಯಾದಲ್ಲಿ ಅದು ಕಾನೂನುಬಾಹಿರ. ಕೈತುತ್ತಿನ ರುಚಿ ಹತ್ತಿದ ಎಲ್ಕ್ ಜನರ ಬಳಿಗೇ ನುಗ್ಗಲು ಕಲಿಯುತ್ತದೆ, ಕೊನೆಗೆ ಅದನ್ನೇ ಕೊಲ್ಲಬೇಕಾಗಿ ಬರುತ್ತದೆ.

ಹೊಳೆಸಾಲು:
ತುಂಬಾ ಉಪಕಾರ. ಮಂಗಳವಾರ ಹೋಗಿ ಬುಧವಾರ ಮರಳುವುದು ಅಂತ ಮಾಡಿದ್ದೇವೆ. ಮಳೆಯೋ ಜೋರು ಗಾಳಿಯೋ ಇದ್ದರೆ ಮುಂದೂಡಬೇಕಾ?

ಕವಲುಗೊಂಬು:
ತುಂತುರು ಮಳೆಗೆ ಮುಂದೂಡಬೇಡಿ, ಮೋಡ ಕವಿದ ತಂಪು ದಿನ ಹಿಂಡು ಬಯಲಿನಲ್ಲಿ ಹೆಚ್ಚು ಹೊತ್ತು ಇರುತ್ತದೆ. ಕೆಟ್ಟದ್ದು ಎರಡು: ಸೆಕೆ, ಜೋರು ಗಾಳಿ. ಸೆಕೆಯಿದ್ದರೆ ಬೆಳಕು ಇಂಗುವ ಹೊತ್ತಿಗಷ್ಟೇ ಹೊರಬರುತ್ತವೆ. ಗಾಳಿ ಜೋರಾದರೆ ವಾಸನೆಯೂ ಸದ್ದೂ ಕಲಸಿಹೋಗುವುದರಿಂದ ಅವು ಕಾಡು ಬಿಡುವುದಿಲ್ಲ. ತಂಪು ಗಾಳಿಯ ಅಲೆ ದಾಟಿದ ಮರುದಿನದ ನಸುಕು ಸಿಕ್ಕರೆ ಅದೃಷ್ಟ. ಬುಧವಾರ ಬೆಳಿಗ್ಗೆ ಬಯಲು ಮಂಜಿನಲ್ಲಿ ಮುಳುಗಿದ್ದರೂ ಎದ್ದು ಹೊರಡಬೇಡಿ. ಒಂಬತ್ತರ ಸುಮಾರಿಗೆ ಮಂಜು ಎತ್ತುತ್ತದೆ, ಅಲ್ಲಿಯವರೆಗೆ ಕೂಗು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಮಗಳಿಗೆ ಗುರುತು ಹಿಡಿಯಲು ಹೇಳಿ. ಮಂಜು ಸರಿದಾಗ ಬೈನಾಕ್ಯುಲರ್ ಮೊದಲು ಆ ಕಡೆಗೆ ತಿರುಗಿಸಿ.