ಖಾಲಿ ನಿವೇಶನದ ಮೂಲೆಯಲ್ಲಿ ರಾತ್ರೋರಾತ್ರಿ ಬೀಳುವ ಕಸವನ್ನು ನಿಲ್ಲಿಸುವುದು ಹೇಗೆ?

ಪ್ರಶ್ನೆ

ನಾನು ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರ ನಿವಾಸಿ. ನಮ್ಮ ಅಡ್ಡರಸ್ತೆ ಮುಖ್ಯರಸ್ತೆಯನ್ನು ಸೇರುವ ಕಡೆ, ಟ್ರಾನ್ಸ್‌ಫಾರ್ಮರ್‌ಗೂ ಬೇಲಿಯಿಲ್ಲದ ಖಾಲಿ ನಿವೇಶನಕ್ಕೂ ನಡುವಿನ ಹತ್ತು ಹೆಜ್ಜೆ ಜಾಗ ಮೂರು ವರ್ಷಗಳಿಂದ ಬ್ಲ್ಯಾಕ್ ಸ್ಪಾಟ್, ಅಂದರೆ ಜನ ಪದೇಪದೇ ಕಸ ಎಸೆಯುವ ಜಾಗ, ಎನಿಸಿಕೊಂಡಿದೆ. ಮನೆ ಕಸ ಒಯ್ಯುವ ಆಟೋ ಟಿಪ್ಪರ್ ಬರುವುದಿಲ್ಲವೆಂದು ದೂರುವಂತಿಲ್ಲ. ಬೆಳಿಗ್ಗೆ ಏಳೂವರೆಯ ಆಸುಪಾಸಿನಲ್ಲಿ ಹಾಡು ಹಾಕಿಕೊಂಡು ಬಂದೇ ಬರುತ್ತದೆ. ಒಂಬತ್ತರ ಹೊತ್ತಿಗೆ ಪೌರಕಾರ್ಮಿಕರು ಆ ಮೂಲೆಯನ್ನೂ ಗುಡಿಸಿ, ಬ್ಲೀಚಿಂಗ್ ಪುಡಿ ಎರಚಿ ಹೋಗುತ್ತಾರೆ. ಕತ್ತಲಾಗುತ್ತಿದ್ದಂತೆ ಮೊದಲ ಕವರು ಬೀಳುತ್ತದೆ. ಅದೊಂದು ಬಿದ್ದದ್ದೇ ತಡ, ಉಳಿದವರಿಗೂ ಧೈರ್ಯ ಬಂದು, ಬೆಳಗಾಗುವಷ್ಟರಲ್ಲಿ ಮೊಣಕಾಲೆತ್ತರದ ಗುಡ್ಡೆಯಾಗಿ, ನಾಯಿಗಳು ಎಳೆದಾಡಿದ ಅನ್ನ, ಡೈಪರ್, ಪಾರ್ಸೆಲ್ ಡಬ್ಬಿಗಳೆಲ್ಲ ರಸ್ತೆಯ ಅರ್ಧದವರೆಗೆ ಹರಡಿರುತ್ತವೆ.

ನಾವು ಸುಮ್ಮನೆ ಕೂತಿಲ್ಲ. ‘ಇಲ್ಲಿ ಕಸ ಹಾಕಬಾರದು’ ಎಂಬ ಫ್ಲೆಕ್ಸ್ ಕಟ್ಟಿದೆವು. ಅದು ಒಂದೇ ಮಳೆಗೆ ಹರಿದು ಆ ಕಸದೊಳಗೇ ಸೇರಿತು. ನೆರೆಯವರೊಬ್ಬರು ಪಕ್ಕದ ಕಾಂಪೌಂಡಿಗೆ ಎಲ್ಲ ಧರ್ಮಗಳ ದೇವರ ಟೈಲ್ಸ್ ಅಂಟಿಸಿದರು. ಒಂದು ವಾರ ನೆಮ್ಮದಿಯಿತ್ತು, ಆಮೇಲೆ ದೇವರಿಗೆ ಮರ್ಯಾದೆ ಕೊಟ್ಟು ನಾಲ್ಕು ಅಡಿ ಆಚೆಗೆ ಕಸ ಬೀಳತೊಡಗಿತು. ಎದುರು ಮನೆಯ ಸಿಸಿಟಿವಿಯಲ್ಲಿ, ಸ್ಕೂಟರ್ ನಿಲ್ಲಿಸದೆಯೇ ಕಾಲ ಬಳಿಯ ಚೀಲವನ್ನು ಎಸೆದು ಹೋಗುವವರು ಕಾಣುತ್ತಾರಾದರೂ ಬೆಳಕಿನ ಹೊಳಪಿಗೆ ನಂಬರ್ ಪ್ಲೇಟು ಬರಿಯ ಬಿಳಿ ಮಚ್ಚೆಯಾಗಿರುತ್ತದೆ. ದೂರು ಕೊಟ್ಟರೆ, ಮರುದಿನ ಗುಡಿಸಿದ ಮೇಲೆ ತೆಗೆದ ಚಿತ್ರವೊಂದನ್ನು ಲಗತ್ತಿಸಿ ‘ಪರಿಹರಿಸಲಾಗಿದೆ’ ಎಂದು ಮುಗಿಸುತ್ತಾರೆ.

ಈಗ ನಿವಾಸಿಗಳ ಸಂಘದ ಕೆಲವರು ರಾತ್ರಿ ಕಾವಲು ನಿಂತು, ಎಸೆಯುವವರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕೋಣ ಎನ್ನುತ್ತಿದ್ದಾರೆ. ನನಗೆ ಅಳುಕಿದೆ. ಇಂಥ ಮೂಲೆಯನ್ನು ನಿಜಕ್ಕೂ ಇಲ್ಲವಾಗಿಸಿದವರು ಯಾರಾದರೂ ಇದ್ದರೆ ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ಕಾವಲು ನಿಲ್ಲುವುದಕ್ಕೆ ಮುಂಚೆ ಒಂದು ಅಹಿತಕರ ಕೆಲಸ ಮಾಡಿ. ದಪ್ಪ ಕೈಗವಸು ಹಾಕಿಕೊಂಡು, ಬೆಳಿಗ್ಗೆ ಪೌರಕಾರ್ಮಿಕರು ಬರುವ ಮೊದಲು, ನಾಲ್ಕಾರು ದಿನ ಆ ಗುಡ್ಡೆಯನ್ನು ಬಿಚ್ಚಿ ನೋಡಿ. ನಮ್ಮ ಬೀದಿಯಲ್ಲಿ ಹಾಗೆ ನೋಡಿದಾಗ ‘ಯಾರೋ ಹೊರಗಿನವರು’ ಎಂಬ ನಮ್ಮ ಮಾತು ಮೊದಲ ದಿನವೇ ಬಿದ್ದುಹೋಯಿತು. ತಳ್ಳುಗಾಡಿಯವರ ಹೂಕೋಸಿನ ಎಲೆ ಮತ್ತು ಜೋಳದ ಸಿಪ್ಪೆ ಒಂದು ಪಾಲು, ಕೋಳಿ ಅಂಗಡಿಯ ಪುಕ್ಕ ಒಂದು ಪಾಲು, ಅಡುಗೆಮನೆ ರಿಪೇರಿ ಮಾಡಿಸಿದವರ ಒಡೆದ ಟೈಲ್ಸ್ ಎರಡು ಗೋಣಿಚೀಲ. ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಹಿಂದಿನ ರಸ್ತೆಯ ಪಿಜಿಯವರ ಮತ್ತು ಒಂಟಿ ಕೋಣೆಗಳ ಬಾಡಿಗೆದಾರರ ಊಟದ ಪೊಟ್ಟಣಗಳು.

ಈ ನಾಲ್ಕಕ್ಕೂ ಒಂದೇ ಮದ್ದಿಲ್ಲ. ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮರಳುವವರಿಗೆ ಏಳೂವರೆಯ ಟಿಪ್ಪರ್ ಇದ್ದೂ ಇಲ್ಲದಂತೆಯೇ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸವಾಗುವ ಸಂಸ್ಥೆಗಳನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಗಟು ಉತ್ಪಾದಕರೆಂದು ಪ್ರತ್ಯೇಕವಾಗಿ ಕಂಡವು. ಇಪ್ಪತ್ತು ಮಂದಿಯ ಪಿಜಿ ಆ ಲೆಕ್ಕಕ್ಕೆ ಏರುವುದಿಲ್ಲ, ಹಾಗೆಂದು ಒಂದು ಮನೆಯ ಬಕೆಟ್ಟಿನಲ್ಲಿ ಅದರ ಕಸ ಹಿಡಿಸುವುದೂ ಇಲ್ಲ. ಕಟ್ಟಡದ ಮಾಲೀಕರೊಡನೆ ಕೂತು ಮಾತಾಡಿದ ಮೇಲೆ, ಅವರು ಗೇಟಿನ ಒಳಗೆ ಮುಚ್ಚಳವಿರುವ ಮೂರು ಡ್ರಮ್ ಇಟ್ಟು, ಬೆಳಿಗ್ಗೆ ಟಿಪ್ಪರಿಗೆ ಕೊಡುವ ಕೆಲಸವನ್ನು ಮೆಟ್ಟಿಲು ಒರೆಸಲು ಬರುವಾಕೆಗೆ ಹೆಚ್ಚುವರಿ ಸಂಬಳ ಕೊಟ್ಟು ಒಪ್ಪಿಸಿದರು. ಅರ್ಧ ಗುಡ್ಡೆ ಅಲ್ಲಿಗೇ ಕರಗಿತು. ಕಟ್ಟಡದ ಅವಶೇಷಕ್ಕೆ 2016ರಲ್ಲೇ ಬೇರೆ ನಿಯಮಗಳು ಬಂದಿದ್ದು, ಮನೆ ಕಸದ ಟಿಪ್ಪರ್ ಅದನ್ನು ಮುಟ್ಟುವುದಿಲ್ಲ; ಗುತ್ತಿಗೆದಾರನ ಬಾಕಿ ಹಣ ಚುಕ್ತಾ ಮಾಡುವ ಮೊದಲೇ ಚೀಲಗಳನ್ನು ಸಾಗಿಸುವಂತೆ ಮನೆಯವರು ಹೇಳುವುದೊಂದೇ ನಮಗೆ ಫಲ ಕೊಟ್ಟ ದಾರಿ. ಕೋಳಿ ಅಂಗಡಿಯವರು ಮಾತ್ರ ಕೊನೆಯವರೆಗೂ ಬಗ್ಗಲಿಲ್ಲ. ದಂಡ ಬಿದ್ದ ಮೇಲೆಯೇ ನಿಲ್ಲಿಸಿದರು.

ಮೂಲೆ ತೆರವಾದ ದಿನವೇ ಬಣ್ಣ ಬಳಿದು, ಕಲ್ಲಿನ ಬೆಂಚು ಹಾಕಿ, ಸಂಜೆ ಯಾರಾದರೂ ಅಲ್ಲಿ ಕೂರುವಂತೆ ಮಾಡಿ. ಬರಿಯ ಕುಂಡ ಇಟ್ಟರೆ ಕುಂಡದೊಳಗೇ ಕವರು ತುರುಕುತ್ತಾರೆ.

ಎರಡನೇ ಉತ್ತರ

ಫೋಟೊ ಹಾಕಿ ಮಾನ ಹರಾಜು ಹಾಕುವ ವಿಚಾರಕ್ಕೆ ನನ್ನ ಸ್ಪಷ್ಟ ವಿರೋಧವಿದೆ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತವು ‘ಕಸ ಸುರಿಯುವ ಹಬ್ಬ’ ಎಂಬ ಹೆಸರಿನಲ್ಲಿ, ರಸ್ತೆಗೆ ಕಸ ಎಸೆದವರನ್ನು ಮಾರ್ಷಲ್‌ಗಳ (ಕಸ ಎಸೆಯುವವರ ಮೇಲೆ ನಿಗಾ ಇಡುವ ಸಿಬ್ಬಂದಿಯ) ವಿಡಿಯೊದಿಂದ ಗುರುತಿಸಿ ಅವರ ಮನೆ ಬಾಗಿಲಿಗೇ ಕಸ ಸುರಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ನೋಡಿದವರಿಗೆ ಖುಷಿಯಾಯಿತು, ನಿಜ. ಆದರೆ ಅಧಿಕಾರ ಮತ್ತು ದಂಡದ ರಸೀದಿ ಪುಸ್ತಕ ಇರುವವರು ಮಾಡುವುದಕ್ಕೂ, ನೆರೆಹೊರೆಯವರು ಕತ್ತಲಲ್ಲಿ ಮೊಬೈಲ್ ಹಿಡಿದು ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಹಾಗೆ ನಿಂತಾಗ ಸಿಕ್ಕಿಬೀಳುವುದು ಸಾಮಾನ್ಯವಾಗಿ ಮಾಲೀಕರ ಕಸವನ್ನು ಹೊತ್ತು ತಂದ ಮನೆಕೆಲಸದವರು. ವಿಡಿಯೊ ಇದ್ದರೆ ದಿನಾಂಕ, ಸಮಯದೊಂದಿಗೆ ಮಾರ್ಷಲ್‌ಗಳಿಗೆ ಒಪ್ಪಿಸಿ, ದಂಡ ಅವರೇ ಹಾಕಲಿ.

ಇನ್ನೊಂದು ಮಾತು. ಈ ಊರಿನ ಕಸ ಮೂಲೆಯಿಂದ ಎದ್ದು ಮಾಯವಾಗುವುದಿಲ್ಲ. 2012ರಲ್ಲಿ ಊರ ಹೊರಗಿನ ಮಾವಳ್ಳಿಪುರದ ಕಸ ಭರ್ತಿ ಜಾಗ ಮುಚ್ಚಿದಾಗ ನಮ್ಮ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಮುಂದೆ, ನಗರದ ಕಸ ಸುರಿಯಲಾಗುತ್ತಿದ್ದ ಮಂಡೂರಿನವರು ಹೋರಾಡಿ 2014ರ ಕೊನೆಗೆ ಕಸದ ಲಾರಿಗಳನ್ನು ನಿಲ್ಲಿಸಿದರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನು (ಹಸಿ ಕಸಕ್ಕೊಂದು, ಡೈಪರ್‌ನಂಥ ಕಸಕ್ಕೊಂದು ಡಬ್ಬಿ, ಒಣ ಕಸಕ್ಕೆ ಚೀಲ) ಕಡ್ಡಾಯಗೊಳಿಸಿದ್ದು ಈ ಹಿನ್ನೆಲೆಯಲ್ಲಿಯೇ. ಮೂಲೆಗೆ ಬಂದು ಬೀಳುವ ಕಸವೆಲ್ಲ ವಿಂಗಡಿಸದ ಕಸ. ಟಿಪ್ಪರಿನವರು ಬೇಡವೆಂದು ವಾಪಸು ಕೊಟ್ಟದ್ದನ್ನೇ ಕೆಲವರು ಸಂಜೆ ಎಸೆದು ಬರುತ್ತಾರೆ.

ಮೂರನೇ ಉತ್ತರ

ನಾನು ಒಣ ಕಸ ಸಂಗ್ರಹ ಕೇಂದ್ರವೊಂದರಲ್ಲಿ ತೂಕ ಮತ್ತು ಲೆಕ್ಕ ನೋಡಿಕೊಳ್ಳುತ್ತೇನೆ. ಹಿಂದಿನವರು ಹೇಳಿದಂತೆ ಗುಡ್ಡೆಯನ್ನು ಬಿಚ್ಚುವುದಾದರೆ ದಯವಿಟ್ಟು ಕೈಯಿಂದ ಬಗೆಯಬೇಡಿ, ಕೋಲಿನಿಂದ ಬಿಡಿಸಿ. ಕಳೆದ ಮಳೆಗಾಲದಲ್ಲಿ ಅಂಥದೇ ಮೂಲೆಯೊಂದರಲ್ಲಿ ಕರಿ ಕವರಿನೊಳಗಿದ್ದ ಒಡೆದ ಟ್ಯೂಬ್‌ಲೈಟ್ ತಗುಲಿ ನಮ್ಮ ಜೊತೆಯ ಹೆಂಗಸೊಬ್ಬರ ಅಂಗೈ ಸೀಳಿ, ಆರು ಹೊಲಿಗೆ ಬಿದ್ದವು. ಹದಿನೈದು ದಿನ ಅವರಿಗೆ ದುಡಿಮೆ ಇರಲಿಲ್ಲ. ಅದೇ ಹಾಲಿನ ಕವರು, ಅದೇ ಪ್ಲಾಸ್ಟಿಕ್ ಡಬ್ಬಿ ತೊಳೆದು ಒಣಗಿ ಬಂದರೆ ನಮಗೆ ಕಿಲೋ ಲೆಕ್ಕದ ಹಣ. ಮೂಲೆಯಲ್ಲಿ ಸಾಂಬಾರಿನೊಳಗೆ ಒಂದು ರಾತ್ರಿ ನೆನೆದರೆ ಯಾರೂ ಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮೂರು ಬೆಳಿಗ್ಗೆ ಕೋಲು ಹಿಡಿದು ಬಿಡಿಸಿ ನೋಡಿದೆವು. ಪಿಜಿಯ ಪೊಟ್ಟಣಗಳು ಇಲ್ಲಿಯೂ ಇವೆ, ಆದರೆ ನಾವೆಣಿಸಿದ್ದಕ್ಕಿಂತ ಕಡಿಮೆ. ಹೆಚ್ಚಿದ್ದದ್ದು ಬಾಡಿದ ಸೇವಂತಿಗೆ ಹಾರ, ತೆಂಗಿನ ಚಿಪ್ಪು, ಡೈಪರ್; ಜೊತೆಗೆ ನಮ್ಮದೇ ಅಡ್ಡರಸ್ತೆಯ ವಿಳಾಸವಿರುವ ಎರಡು ಕೊರಿಯರ್ ಕವರು. ಅವುಗಳಲ್ಲೊಂದು, ಕಾವಲು ನಿಲ್ಲೋಣವೆಂದು ಮೊದಲು ಹೇಳಿದವರ ಮನೆಯದು. ಅವರಿಗೇ ಗೊತ್ತಿರಲಿಲ್ಲ, ಟಿಪ್ಪರ್ ತಪ್ಪಿದ ದಿನ ಮನೆಕೆಲಸದಾಕೆಯ ಕೈಗೆ ಚೀಲ ಕೊಟ್ಟು ‘ಹೋಗುವಾಗ ಹಾಕಿಬಿಡಮ್ಮ’ ಎನ್ನುವುದು ರೂಢಿಯಂತೆ. ಫೋಟೊದ ಪ್ರಸ್ತಾಪವನ್ನು ಅವರೇ ಹಿಂತೆಗೆದುಕೊಂಡಿದ್ದಾರೆ. ಭಾನುವಾರದ ಸಭೆಗೆ ಪಿಜಿ ಮಾಲೀಕರನ್ನೂ ಪೌರಕಾರ್ಮಿಕರ ಉಸ್ತುವಾರಿ ನೋಡುವ ವಾರ್ಡಿನ ಮೇಸ್ತ್ರಿಯವರನ್ನೂ ಕರೆದಿದ್ದೇವೆ. ಮೊದಲ ಉತ್ತರ ಕೊಟ್ಟವರಲ್ಲಿ ಒಂದು ಕೇಳಿಕೆ: ಆ ಡ್ರಮ್‌ಗಳ ಖರ್ಚನ್ನು ಮಾಲೀಕರು ಪೂರ್ತಿ ಭರಿಸಿದರೇ, ಅಥವಾ ಸಂಘವೂ ಪಾಲು ಹಾಕಿತೇ?